ಕೆರೆಯ ಜ್ವರ ನೋಡಿದ ಸೊಸೆ

ಮದುವೆಯಾಗಿ ದೋಣಿಕಟ್ಟೆಯ ಮನೆಗೆ ಬಂದಾಗ ಅವಳ ಟ್ರಂಕಿನಲ್ಲಿ ಬಟ್ಟೆಬರೆಯ ನಡುವೆ ಗೇಣುದ್ದದ ಒಂದು ಥರ್ಮಾಮೀಟರ್ ಇತ್ತು. ಗಾಜು ಒಡೆಯದ ಹಾಗೆ ಸುತ್ತ ಹಿತ್ತಾಳೆಯ ಕವಚ, ತುದಿಗೆ ದಾರ ಕಟ್ಟಲು ಒಂದು ಬಳೆ. ಆರು ವರ್ಷ ಹಾಲಿನ ಡೇರಿಯಲ್ಲಿ ದುಡಿದವಳಿಗೆ ಜೊತೆಯ ಹೆಂಗಸರು ಬೀಳ್ಕೊಡುಗೆಯಾಗಿ ಕೊಟ್ಟದ್ದು. ಡೇರಿಯಲ್ಲಿ ಅವಳ ಕೆಲಸ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಅರ್ಧ ಗಂಟೆಗೊಮ್ಮೆ ತೊಟ್ಟಿಯ ಹಾಲಿಗೆ ಥರ್ಮಾಮೀಟರ್ ಅದ್ದಬೇಕು, ಡಿಗ್ರಿ ನೋಡಬೇಕು, ಗೋಡೆಯ ಹಾಳೆಯಲ್ಲಿ ಬರೆಯಬೇಕು. ಆಮೇಲೆ ಒಂದು ಚಮಚ ಹಾಲನ್ನು ಮೂಗಿನ ಹತ್ತಿರ ಹಿಡಿದು, ಹುಳಿಯ ಸುಳಿವೇನಾದರೂ ಇದೆಯೇ ಎಂದು ಮೂಸಬೇಕು. ಇಷ್ಟೇ. ಆದರೆ ಆರು ವರ್ಷ ಒಂದೇ ಕೆಲಸ ಮಾಡಿದರೆ ಅದು ಕೈಗೂ ಮೂಗಿಗೂ ಅಂಟಿಕೊಂಡುಬಿಡುತ್ತದೆ. ಅಂಟಿಕೊಂಡದ್ದು ಮುಂದೆ ಯಾವ ಉಪಯೋಗಕ್ಕೆ ಬಂದೀತು ಎಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಗಂಡನ ಮನೆ ಕೆರೆಯ ಪಡುವಣ ದಂಡೆಯಲ್ಲಿತ್ತು. ಮುಂದಿನ ಕೋಣೆಯ ತುಂಬ ಹುಟ್ಟುಗಳು, ಕುರ್ಚಿದಿಂಬುಗಳು, ಹರಿದ ಬಲೆಚೀಲಗಳು. ಅಡುಗೆಮನೆಯ ಕಿಟಕಿ ತೆಗೆದರೆ ನೇರ ನೀರು. ಕಿಟಕಿಯ ಕೆಳಗೆ ಮರದ ಅಟ್ಟಣೆ, ಅದಕ್ಕೆ ಕಟ್ಟಿದ ಒಂಬತ್ತು ಹಸಿರು ದೋಣಿಗಳು, ಒಂದೊಂದರ ಮೂತಿಯ ಮೇಲೂ ಬಿಳಿ ಬಣ್ಣದ ನಂಬರು. ದೋಣಿ ಕಟ್ಟುವುದು, ರಿಪೇರಿ ಮಾಡುವುದು ಗಂಡನ ಕೆಲಸ. ಪಕ್ಕದ ಕೊಟ್ಟಿಗೆಯಲ್ಲಿ ಡಾಂಬರು ಮತ್ತು ಮರದ ಹೊಟ್ಟಿನ ವಾಸನೆಯ ನಡುವೆ ಅವನು ದಿನವಿಡೀ ಇರುತ್ತಿದ್ದ. ಮಾತು ಬಹಳ ಕಡಿಮೆ. ಮೊಳೆಯನ್ನು ಬಾಯಲ್ಲಿಟ್ಟುಕೊಂಡೇ ಬೆಳೆದವನು, ಬಾಯಿ ತೆಗೆದರೆ ಎಲ್ಲಿ ಬಿದ್ದುಹೋಗುತ್ತದೋ ಎಂಬ ಭಯ ಅವನಿಗೆ ಎಂದು ಅವನ ತಾಯಿಯೇ ತಮಾಷೆ ಮಾಡುತ್ತಿದ್ದರು.

ದೋಣಿಗಳನ್ನು ಬಾಡಿಗೆಗೆ ಕೊಡುತ್ತಿದ್ದವರು ಆ ತಾಯಿ. ಇಡೀ ಊರು ಅವರನ್ನು ದೋಣಿಯಮ್ಮ ಎಂದು ಕರೆಯುತ್ತಿತ್ತು. ಗಿಡ್ಡ ಆಳು, ಗಂಡಸರಂಥ ಮಣಿಕಟ್ಟು, ತಲೆಯ ಮೇಲೆ ಯಾವಾಗಲೂ ಅಂಚು ಹರಿದ ಒಂದು ಟೋಪಿ. ಬೆಳಗಾದರೆ ಗಾಳದ ಕೋಲು ಹಿಡಿದ ಜನ ಅಟ್ಟಣೆಯ ಹತ್ತಿರ ಸೇರುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ.

"ದೋಣಿಯಮ್ಮ, ಇವತ್ತು ಎಲ್ಲಿ?"

ದೋಣಿಯಮ್ಮ ನೀರಿನ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಗಾಳಿಗೆ ಮುಖ ಕೊಟ್ಟು, "ಜೊಂಡಿನ ಅಂಚಿಗೆ ಹೋಗಿ" ಎಂದೋ, "ಇವತ್ತು ಹಳೇ ತೂಬಿನ ಹತ್ತಿರ" ಎಂದೋ ಹೇಳುತ್ತಿದ್ದರು. ಹತ್ತಕ್ಕೆ ಎಂಟು ಸಲ ಅದು ಸರಿಯಾಗಿರುತ್ತಿತ್ತು. ಉಳಿದ ಎರಡು ಸಲ ತಪ್ಪು ಮೀನಿನದು.

ಇಂಥ ಮನೆಗೆ ಸೊಸೆಯಾಗಿ ಬಂದವಳಿಗೆ ನೀರೆಂದರೆ ಭಯ. ಅವಳ ಊರಿನಲ್ಲಿ ಅವಳು ಕಂಡ ಅತಿ ದೊಡ್ಡ ನೀರೆಂದರೆ ಡೇರಿಯ ಕ್ಯಾನ್ ತೊಳೆಯುವ ತೊಟ್ಟಿ. ಅಟ್ಟಣೆಯ ಮೇಲೆ ನಡೆಯುವಾಗಲೂ ಗೋಡೆ ಹಿಡಿಯುವವಳಂತೆ ಗಾಳಿಯನ್ನು ಹಿಡಿದು ನಡೆಯುತ್ತಿದ್ದಳು. ಅತ್ತೆ ಇದನ್ನು ಎರಡು ದಿನ ನೋಡಿದರು. ಮೂರನೆಯ ದಿನ ತರಕಾರಿ ಬುಟ್ಟಿ, ಚಾಕು ಎರಡನ್ನೂ ಮೂರನೇ ನಂಬರಿನ ದೋಣಿಯಲ್ಲಿ ಇಟ್ಟರು.

"ಇನ್ಮೇಲೆ ತರಕಾರಿ ಹೆಚ್ಚೋದು ಅಲ್ಲಿ" ಎಂದರು.

"ಅತ್ತೆ, ದೋಣಿಯಲ್ಲಾ?"

"ಕಟ್ಟಿ ಹಾಕಿದೀನಿ. ಎಲ್ಲೂ ಓಡಿಹೋಗಲ್ಲ ಅದು. ನಿನಗೆ ಭಯವಾದ್ರೆ ಕೂಗು, ನಾನಿಲ್ಲೇ ಇರ್ತೀನಿ."

ಮೊದಲ ದಿನ ಅರ್ಧ ತರಕಾರಿ ಕೆರೆಗೆ ಬಿತ್ತು. ಎರಡನೆಯ ದಿನ ಚಾಕು ಬಿತ್ತು. ಒಂದು ವಾರ ಕಳೆಯುವ ಹೊತ್ತಿಗೆ ಅವಳು ದೋಣಿಯಲ್ಲಿ ಕಾಲು ಚಾಚಿ ಕೂತು, ಹೆಚ್ಚುತ್ತಾ ಹೆಚ್ಚುತ್ತಾ ಏನೋ ಗುನುಗುತ್ತಿದ್ದಳು. ಅತ್ತೆ ಹಗ್ಗ ಬಿಚ್ಚಿ ತಾವೂ ಹತ್ತಿ ಹುಟ್ಟು ಹಾಕಿದಾಗ ದೋಣಿ ದಂಡೆ ಬಿಟ್ಟು ನಾಲ್ಕು ಮಾರು ದೂರ ಹೋಗುವವರೆಗೂ ಅವಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ ಬುಟ್ಟಿಯನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದಳು. ಆದರೆ ಕೂಗಲಿಲ್ಲ. ಅತ್ತೆಗೆ ಅಷ್ಟು ಸಾಕಾಗಿತ್ತು.

ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ ಅವಳು ಸುಮ್ಮನೆ ಕೈ ತಡೆಯಲಾರದೆ ಥರ್ಮಾಮೀಟರಿಗೆ ದಾರ ಕಟ್ಟಿ ಅಟ್ಟಣೆಯಿಂದ ನೀರಿಗೆ ಇಳಿಬಿಟ್ಟಳು. ಅತ್ತೆ ಹಿಂದಿನಿಂದ ಬಂದು ನಿಂತರು.

"ಏನೇ ಇದು?"

"ನೀರಿನ ಬಿಸಿ ನೋಡ್ತಿದೀನಿ ಅತ್ತೆ."

"ಯಾಕೆ, ಕೆರೆಗೆ ಜ್ವರ ಬಂದಿದ್ಯಾ?"

"ಇಪ್ಪತ್ತೇಳು ಇದೆ."

"ಹಾಗಾದ್ರೆ ಡಾಕ್ಟರನ್ನ ಕರೆಸೋದು ಬೇಡ ಬಿಡು" ಎಂದು ಅತ್ತೆ ನಕ್ಕು ಹೋದರು. ಸಂಜೆಯೊಳಗೆ ಈ ಮಾತು ದಂಡೆಯ ಉದ್ದಕ್ಕೂ ಹರಡಿತು. ಗಾಳ ಹಾಕುವವರಲ್ಲಿ ಎಲ್ಲರಿಗಿಂತ ಬಾಯಾಳಿಯಾಗಿದ್ದ ರಿಟೈರಾದ ಪೋಸ್ಟ್ ಮಾಸ್ತರರು ಮಾರನೆಯ ದಿನ ಬಂದವರೇ, "ಪೇಷೆಂಟು ಹೇಗಿದಾರಮ್ಮ?" ಎಂದು ಕೇಳಿದರು. ಅವಳು ತಲೆ ಎತ್ತದೆ, "ಇವತ್ತು ಅರ್ಧ ಡಿಗ್ರಿ ಜಾಸ್ತಿ ಇದೆ" ಎಂದಳು. ಮಾಸ್ತರರು ಕೋಲು ಹೆಗಲಿಗೇರಿಸಿಕೊಂಡು ದೋಣಿ ಹತ್ತಿದರು.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ದಿನಕ್ಕೆರಡು ಸಲ ಡಿಗ್ರಿ ನೋಡಿ, ಹರಿದ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಬರೆದಿಡುತ್ತಿದ್ದಳು. ಮೇಲಿನ ನೀರು ಹೀಗಿದ್ದರೆ ಕೆಳಗಿನದು ಹೇಗಿರಬಹುದು ಎಂಬ ಕುತೂಹಲ ಆಮೇಲೆ ಹುಟ್ಟಿತು. ಥರ್ಮಾಮೀಟರನ್ನು ಆಳಕ್ಕೆ ಬಿಟ್ಟು ಎಳೆದರೆ ಮೇಲೆ ಬರುವಷ್ಟರಲ್ಲಿ ಅದರ ಲೆಕ್ಕ ಬದಲಾಗಿಬಿಡುತ್ತಿತ್ತು. ಅದಕ್ಕವಳು ದಪ್ಪ ಗಾಜಿನ ಒಂದು ಬಾಟಲಿಗೆ ಸೀಸದ ಗುಂಡು ಕಟ್ಟಿ, ಬಿರಡೆಗೆ ಬೇರೆ ದಾರ ಹಾಕಿದಳು. ಬಾಟಲಿ ಬೇಕಾದಷ್ಟು ಆಳಕ್ಕೆ ಇಳಿದ ಮೇಲೆ ಬಿರಡೆಯ ದಾರ ಜಗ್ಗಿದರೆ ಅಲ್ಲಿನ ನೀರೇ ಒಳಗೆ ತುಂಬುತ್ತಿತ್ತು. ಸರಸರ ಮೇಲೆಳೆದು ಅಳೆದರಾಯಿತು. ಎಷ್ಟು ಆಳ ಎಂದು ತಿಳಿಯಲು ಗಂಡ ಹಗ್ಗದಲ್ಲಿ ಮಾರಿಗೊಂದು ಗಂಟು ಹಾಕಿಕೊಟ್ಟ. ಯಾಕೆ ಎಂದು ಕೇಳಲಿಲ್ಲ. ಅವನು ಕೇಳುವವನಲ್ಲ. ಅಷ್ಟು ಹೊತ್ತಿಗೆ ಹುಟ್ಟು ಹಾಕುವುದನ್ನೂ ಕಲಿತಿದ್ದ ಅವಳು ಮೂರನೇ ನಂಬರಿನ ದೋಣಿಯಲ್ಲಿ ಕೆರೆಯ ಮೂಲೆ ಮೂಲೆಗೂ ಹೋಗಿ ಅಳೆಯತೊಡಗಿದಳು.

ಬಾಟಲಿ ಹೇಳಿದ ಸಂಗತಿಗಳು ಅವಳಿಗೆ ಬಲು ಸೋಜಿಗದವು. ಬೇಸಿಗೆಯಲ್ಲಿ ಕೆರೆ ಒಂದೇ ಕೆರೆಯಲ್ಲ. ಮೇಲೆ ಒಂದು ಬಿಸಿ ಕೆರೆ, ಎರಡು ಮಾರು ಕೆಳಗಿಳಿದರೆ ಮೆಟ್ಟಿಲು ಇಳಿದ ಹಾಗೆ ಥಟ್ಟನೆ ತಣ್ಣಗಾಗುವ ಇನ್ನೊಂದು ಕೆರೆ. ಇನ್ನೂ ಆಳದ, ನಾಲ್ಕು ಮಾರಿನ ನೀರನ್ನು ಅಭ್ಯಾಸಬಲದಿಂದ ಮೂಸಿ ನೋಡಿದಳು. ಕೊಳೆತ ಮೊಟ್ಟೆಯ ವಾಸನೆ. ಅಂದರೆ ಅಲ್ಲಿ ಮೀನು ಉಸಿರಾಡಲಾರದು. ಮೇಲೆ ಸೆಕೆ, ಕೆಳಗೆ ದುರ್ವಾಸನೆ. ಬಡಪಾಯಿ ಮೀನು ಎರಡರ ನಡುವಿನ ತೆಳ್ಳನೆಯ ಪದರದಲ್ಲಿ ಇರಬೇಕು ಎಂದು ಅವಳು ಯೋಚಿಸಿದಳು. ಆದರೆ ಯಾರಿಗೂ ಹೇಳಲಿಲ್ಲ. ಅತ್ತೆ ನಲವತ್ತು ವರ್ಷದಿಂದ ಹೇಳುತ್ತಿರುವ ಕಡೆ, ನಿನ್ನೆ ಮೊನ್ನೆ ಬಂದವಳು ಬಾಟಲಿ ಹಿಡಿದು ಬಾಯಿ ಹಾಕುವುದು ಅವಳ ಮನಸ್ಸಿಗೆ ಬರಲಿಲ್ಲ.

ಐದನೆಯ ಬೇಸಿಗೆ ಬಂತು. ಅಂಥ ಬೇಸಿಗೆಯನ್ನು ಆ ದಂಡೆಯ ಯಾರೂ ಕಂಡಿರಲಿಲ್ಲ. ಮೂರು ವಾರ ಒಂದು ಎಲೆ ಅಲುಗಲಿಲ್ಲ. ಕೆರೆ ಎಣ್ಣೆ ಸುರಿದ ಹಾಗೆ ನುಣ್ಣಗೆ ಬಿದ್ದಿತ್ತು. ಅಟ್ಟಣೆಯ ಹಲಗೆಯ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಗಾಳ ಹಾಕಿದವರ ಬೆಂಡು ಗೋಡೆಗೆ ಹೊಡೆದ ಮೊಳೆಯಂತೆ ನಿಂತಲ್ಲೇ ನಿಂತಿರುತ್ತಿತ್ತು. ಜೊಂಡಿನ ಅಂಚು ಆಯಿತು, ತೂಬು ಆಯಿತು, ಮುಳುಗಿದ ಮರದ ಹತ್ತಿರ ಆಯಿತು. ದೋಣಿಯಮ್ಮನಿಗೆ ಗೊತ್ತಿದ್ದ ಜಾಗಗಳೆಲ್ಲ ಮುಗಿದವು. ಜನ ಬೆಳಗ್ಗೆ ಹೋಗಿ ಮಧ್ಯಾಹ್ನ ಬರಿಚೀಲದಲ್ಲಿ ಬೆವರು ಒರೆಸಿಕೊಳ್ಳುತ್ತಾ ಬರುತ್ತಿದ್ದರು.

"ದೋಣಿಯಮ್ಮ, ಮೀನೆಲ್ಲ ರಜಾ ಹಾಕಿ ತವರಿಗೆ ಹೋಗಿವೆಯೋ ಏನೋ" ಎಂದರು ಪೋಸ್ಟ್ ಮಾಸ್ತರರು.

ದೋಣಿಯಮ್ಮ ನಗಲಿಲ್ಲ. ಒಂದು ಶುಕ್ರವಾರ ಎಂದಿನಂತೆ "ಇವತ್ತು ಎಲ್ಲಿ?" ಎಂದು ಕೇಳಿದಾಗ, "ನನಗೆ ಗೊತ್ತಿಲ್ಲಪ್ಪ" ಎಂದರು. ಜನ ಮುಖ ಮುಖ ನೋಡಿಕೊಂಡರು. ಆ ಮಾತನ್ನು ಆ ಬಾಯಲ್ಲಿ ಯಾರೂ ಕೇಳಿದವರಲ್ಲ. ಅವತ್ತು ಅತ್ತೆ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮಾರನೆಯ ದಿನ ಮಧ್ಯಾಹ್ನವೂ ಹಾಗೇ ಮಲಗಿದ್ದ ಅತ್ತೆಯ ಹತ್ತಿರ ಪಾತ್ರೆ ಒರೆಸುತ್ತಾ ಸೊಸೆ ಮೆಲ್ಲನೆ ಮಾತು ತೆಗೆದಳು.

"ಅತ್ತೆ, ಮೂಡಣ ದಂಡೆಯಲ್ಲಿ ಆ ದೊಡ್ಡ ಬಂಡೆ ಇದೆಯಲ್ಲ, ಅದರ ಕೆಳಗೆ ಒರತೆ ಏನಾದ್ರೂ ಇದ್ಯಾ?"

"ಯಾಕೆ?"

"ಎರಡು ಮಾರು ಆಳದಲ್ಲಿ ಬೇರೆ ಎಲ್ಲ ಕಡೆಗಿಂತ ನಾಲ್ಕು ಡಿಗ್ರಿ ಕಡಿಮೆ ಇದೆ ಅಲ್ಲಿ. ವಾಸನೇನೂ ಇಲ್ಲ. ನಾಲ್ಕು ವರ್ಷದಿಂದಲೂ ಹಾಗೇ ಇದೆ, ಬರೆದಿಟ್ಟಿದೀನಿ."

ಅತ್ತೆ ಎದ್ದು ಕೂತರು. "ನಾಲ್ಕು ವರ್ಷದಿಂದ ಗೊತ್ತಿದೆ, ನನಗೆ ಹೇಳೋಕೆ ಇವತ್ತು ಮುಹೂರ್ತ ಬಂತಾ?"

"ನೀವು ಏನಂದುಕೊಳ್ತೀರೋ ಅಂತ..."

"ಏನಂದುಕೊಳ್ಳಲಿ? ಮೀನು ಸಿಕ್ಕರೆ ಸೊಸೆ ಜಾಣೆ ಅಂದುಕೊಳ್ತೀನಿ. ಸಿಗದಿದ್ರೆ ದಡ್ಡಿ ಅಂದುಕೊಳ್ತೀನಿ. ಎರಡರಲ್ಲಿ ನನಗೇನು ನಷ್ಟ? ಎರೆಹುಳದ ಡಬ್ಬಿ ತಗೋ."

ಇಬ್ಬರೂ ಮೂರನೇ ನಂಬರಿನ ದೋಣಿಯಲ್ಲಿ ಹೊರಟರು. ಹುಟ್ಟು ಹಾಕಿದವಳು ಸೊಸೆ. ಬಂಡೆಯ ನೆರಳಿನಲ್ಲಿ ದೋಣಿ ನಿಲ್ಲಿಸಿ ಬಾಟಲಿ ಇಳಿಸಿ ನೋಡಿದರೆ, ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅತ್ತೆ ಬೆಂಡನ್ನು ಮೇಲಕ್ಕೆ ಸರಿಸಿ, ಎರಡು ಮಾರು ದಾರ ಬಿಟ್ಟು, ಕೋಲನ್ನು ಸೊಸೆಯ ಕೈಗೇ ಕೊಟ್ಟರು. ಅವಳು ಅಲ್ಲಿಯವರೆಗೆ ಗಾಳ ಮುಟ್ಟಿದವಳೇ ಅಲ್ಲ. ಹಿಡಿದು ಕೂತು ಹತ್ತು ನಿಮಿಷವೂ ಆಗಿರಲಿಲ್ಲ, ಬೆಂಡು ಮಂಗಮಾಯ. ಕೋಲು ಬಿಲ್ಲಿನಂತೆ ಬಾಗಿತು.

"ಅತ್ತೆ, ಏನೋ ಎಳೀತಿದೆ."

"ಎಳೀಲಿ. ನೀನೂ ಎಳಿ. ಅವಸರ ಮಾಡಬೇಡ."

"ಕೋಲು ಮುರಿಯತ್ತೆ ಅತ್ತೆ."

"ಮುರಿದ್ರೆ ನಿನ್ನ ಗಂಡ ಇನ್ನೊಂದು ಮಾಡ್ತಾನೆ. ಮೀನು ಮಾಡೋಕೆ ಅವನ ಕೈಲಾಗಲ್ಲ. ಬಿಡಬೇಡ."

ಕೊನೆಗೆ ದೋಣಿಗೆ ಬಂದು ಬಿದ್ದದ್ದು ಮೊಳದುದ್ದದ ಗೆಂಡೆ. ಅವಳು ಅದನ್ನು ಹಿಡಿಯಲು ಹೋಗಿ, ಅದು ಜಾರಿ, ಇವಳೂ ಜಾರಿ, ಇಬ್ಬರೂ ದೋಣಿಯ ತಳದಲ್ಲಿ ಉರುಳಾಡಿದರು. ಅತ್ತೆ ನಕ್ಕು ನಕ್ಕು ಟೋಪಿ ಬೀಳಿಸಿಕೊಂಡರು. ಮೂರು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು. ಇಳಿಬಿಸಿಲಿನ ಹೊತ್ತಿಗೆ ಐದು ಗೆಂಡೆ ಹಿಡಿದುಕೊಂಡು ಅಟ್ಟಣೆಗೆ ಬಂದರೆ, ಅಲ್ಲಿ ಪೋಸ್ಟ್ ಮಾಸ್ತರರೂ ಇನ್ನೂ ಏಳೆಂಟು ಮಂದಿಯೂ ಕಣ್ಣು ಕಣ್ಣು ಬಿಟ್ಟು ನಿಂತಿದ್ದರು.

"ಎಲ್ಲಿ ದೋಣಿಯಮ್ಮ? ಎಲ್ಲಿ ಸಿಕ್ತು?"

"ನನ್ನನ್ನ ಕೇಳಬೇಡಿ" ಎಂದರು ದೋಣಿಯಮ್ಮ. "ನನ್ನ ಸೊಸೆಯನ್ನ ಕೇಳಿ."

ಆ ಒಂದು ಮಾತಿಗೆ ಅವಳ ತಲೆ ಸ್ವಲ್ಪ ತಿರುಗಿತು ಎಂದೇ ಹೇಳಬೇಕು. ಐದು ವರ್ಷ ತುಟಿ ಬಿಚ್ಚದವಳು ಅವತ್ತು ಎರಡು ಮಾರು, ನಾಲ್ಕು ಡಿಗ್ರಿ, ಒರತೆ, ಬಂಡೆ ಎಂದು ಕೈ ಆಡಿಸಿ ಆಡಿಸಿ ವಿವರಿಸಿದಳು. "ನಾಳೆ ಭಾನುವಾರ ಎಲ್ಲರೂ ಅಲ್ಲಿಗೆ ಹೋಗಿ. ಮೀನು ಸಿಗದಿದ್ರೆ ನನ್ನನ್ನ ಕೇಳಿ" ಎಂದು ಮಾತು ಕೊಟ್ಟಳು. ಅತ್ತೆ ಏನೋ ಹೇಳಲು ಬಾಯಿ ತೆರೆದವರು, ಮೀನು ಎತ್ತಿಕೊಂಡು ಒಳಗೆ ನಡೆದರು.

ಅವತ್ತು ಕತ್ತಲಾಗುವ ಹೊತ್ತಿಗೆ ಪಡುವಣದಿಂದ ಗಾಳಿ ಎದ್ದಿತು. ಮೂರು ವಾರದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸುವ ಹಾಗೆ ಬೆಳಗಿನ ಜಾವದವರೆಗೂ ಬೀಸಿ ನಿಂತಿತು. ಸೆಕೆ ಇಳಿದ ಖುಷಿಯಲ್ಲಿ ಎಲ್ಲರಿಗೂ ಒಳ್ಳೆಯ ನಿದ್ದೆ. ಭಾನುವಾರ ಒಂಬತ್ತು ದೋಣಿಯೂ ಹೊರಟವು, ಸ್ವಂತ ದೋಣಿಯವರು ಇನ್ನೂ ಏಳೆಂಟು ಜನ ಸೇರಿಕೊಂಡರು. ಮುಂದಿನ ದೋಣಿಯಲ್ಲಿ ಪೋಸ್ಟ್ ಮಾಸ್ತರರ ಜೊತೆ ಇವಳು. ಬಂಡೆಯ ಕೆಳಗೆ ದೋಣಿಗೆ ದೋಣಿ ತಾಗುವಷ್ಟು ಜನ. ಒಬ್ಬರ ಗಾಳ ಇನ್ನೊಬ್ಬರ ದಾರಕ್ಕೆ ಸಿಕ್ಕಿತು. ಬೇಕರಿಯವನ ಗಾಳ ಮಾಸ್ತರರ ಅಂಗಿಯ ಕಾಲರಿಗೆ ಸಿಕ್ಕಿತು. ಮೀನಿಗೆ ಮಾತ್ರ ಯಾರದೂ ಸಿಗಲಿಲ್ಲ.

ಒಂದು ಗಂಟೆ ಆಯಿತು, ಎರಡು ಗಂಟೆ ಆಯಿತು. ನಲವತ್ತು ಕಣ್ಣುಗಳು ತನ್ನ ಬೆನ್ನ ಮೇಲೆ ನೆಟ್ಟಿರುವುದು ಅವಳಿಗೆ ತಿರುಗದೆಯೇ ಗೊತ್ತಾಗುತ್ತಿತ್ತು. ಬೆಳಗ್ಗೆ ನೀರು ಅಳೆಯದೆ ಬಂದದ್ದು ಆಗ ನೆನಪಾಯಿತು. ಗಡಿಬಿಡಿಯಲ್ಲಿ ಬಾಟಲಿ ಇಳಿಸಿ ಎಳೆದು ನೋಡಿದರೆ ಎರಡು ಮಾರಿನಲ್ಲೂ ಬಿಸಿ, ಮೂರು ಮಾರಿನಲ್ಲೂ ಬಿಸಿ. ಸಂಗತಿ ಈಗ ಹೊಳೆಯಿತು. ಪಡುವಣ ಗಾಳಿ ಮೇಲಿನ ಬಿಸಿನೀರನ್ನೆಲ್ಲ ಗುಡಿಸಿ ತಂದು ಈ ಮೂಲೆಗೆ ಒಟ್ಟಿದೆ. ಒರತೆಯ ತಂಪು ಅದರ ಅಡಿಯಲ್ಲಿ ಹೂತುಹೋಗಿದೆ.

"ಏನಂತಾರಮ್ಮ ಪೇಷೆಂಟು?" ಎಂದರು ಮಾಸ್ತರರು, ಕಾಲರಿನ ಗಾಳ ಬಿಡಿಸಿಕೊಳ್ಳುತ್ತಾ.

ಅವಳು ತಲೆ ತಗ್ಗಿಸಿ ಬಾಟಲಿಯ ನೀರನ್ನು ಕೆರೆಗೆ ಚೆಲ್ಲಿದಳು. ಅಷ್ಟರಲ್ಲಿ ಬೇಕರಿಯವನು ಆಚೆ ದಂಡೆಯ ಕಡೆ ಕೈ ತೋರಿಸಿದ. ದೂರದಲ್ಲಿ, ದೋಣಿಕಟ್ಟೆಯ ಅಟ್ಟಣೆಯ ಮೇಲೆ ಕುರ್ಚಿ ಹಾಕಿಕೊಂಡು ಟೋಪಿಯ ಒಂದು ಪುಟ್ಟ ಆಕೃತಿ ಕೂತಿತ್ತು. ಅದರ ಕೈಯ ಕೋಲು ಮೇಲೇಳುತ್ತಿತ್ತು, ಬಿಸಿಲಿಗೆ ಏನೋ ಫಳಕ್ಕೆನ್ನುತ್ತಿತ್ತು, ಕೋಲು ಕೆಳಗಿಳಿಯುತ್ತಿತ್ತು. ಎರಡು ನಿಮಿಷ ಬಿಟ್ಟು ಮತ್ತೆ ಅದೇ.

ದೋಣಿಗಳೆಲ್ಲ ಮೂತಿ ತಿರುಗಿಸಿದವು. ಅಟ್ಟಣೆ ಮುಟ್ಟಿದಾಗ ದೋಣಿಯಮ್ಮನ ಪಕ್ಕದ ಬಕೆಟ್ಟಿನಲ್ಲಿ ಬಾಲಗಳು ಹೊರಗೆ ಚಾಚಿದ್ದವು.

"ನೀವು ಹೋದ ಮೇಲೆ ಕಾಲು ತೊಳೆಯೋಕೆ ಇಳಿದೆ" ಎಂದರು ದೋಣಿಯಮ್ಮ, ಎಲ್ಲರಿಗೂ ಕೇಳುವಂತೆ. "ನೀರು ಕಚ್ಚಿತು. ಅಷ್ಟು ತಣ್ಣಗೆ. ಆ ಕಡೆಗೆ ಬಿಸಿನೀರು ಹೋದ್ರೆ ಈ ಕಡೆ ಅಡಿಯ ತಂಪು ಮೇಲೆ ಬರಬೇಕಲ್ಲ. ನಾನೇನು ಮಾಡಲಿ, ಕೂಗೋಣ ಅಂದ್ರೆ ನೀವು ಅರ್ಧ ಕೆರೆ ದಾಟಿದ್ರಿ."

ಜನ ನಗುತ್ತಾ ಅಟ್ಟಣೆಯ ಉದ್ದಕ್ಕೂ ಸಾಲಾಗಿ ಕೂತು ಗಾಳ ಬಿಟ್ಟರು. ಸೊಸೆ ಮಾತ್ರ ಯಾರ ಕಣ್ಣಿಗೂ ಬೀಳದೆ ಅಡುಗೆಮನೆ ಸೇರಿದಳು. ಅತ್ತೆ ಹಿಂದೆಯೇ ಬಂದರು.

"ಅಳ್ತಿದೀಯಾ?"

"ಇಲ್ಲ ಅತ್ತೆ. ಎಲ್ಲರ ಮುಂದೆ ಮರ್ಯಾದೆ ಹೋಯ್ತು."

"ಹೋಗಲಿ ಬಿಡು. ನಾನು ಮೊದಲನೇ ಸಲ ಹೇಳಿದಾಗ ಹನ್ನೆರಡು ದೋಣಿ ಕೆಸರಲ್ಲಿ ಹೂತುಕೊಂಡಿದ್ವು. ನಿನ್ನ ಮಾವ ಒಂದು ವಾರ ದಂಡೆ ಕಡೆ ತಲೆ ಹಾಕಲಿಲ್ಲ. ನಿನ್ನದು ಎಷ್ಟೋ ವಾಸಿ." ಟೋಪಿ ಸರಿಮಾಡಿಕೊಳ್ಳುತ್ತಾ ಹೇಳಿದರು, "ನಿನ್ನೆ ನೀನು ಮಾತು ಕೊಟ್ಟಾಗ್ಲೇ ತಡೀಬೇಕು ಅಂದುಕೊಂಡೆ. ಆಮೇಲೆ, ಇದನ್ನ ಕೆರೆಯೇ ಹೇಳಿಕೊಡಲಿ ಅಂತ ಸುಮ್ಮನಾದೆ. ಈಗ ಮುಖ ತೊಳ್ಕೊಂಡು ಬಾ. ಮಾಸ್ತರರು ಮೂರು ಹಿಡಿದಿದಾರೆ, ಹೊಗಳೋಕೆ ಯಾರೂ ಇಲ್ಲ ಪಾಪ."

ಆ ವಾರವೇ ಅವಳು ಗಂಡನ ಹತ್ತಿರ ಒಂದು ಹಲಗೆ ಕೇಳಿ, ಕಪ್ಪು ಬಣ್ಣ ಹೊಡೆಸಿ, ಅಟ್ಟಣೆಯ ಕಂಬಕ್ಕೆ ತೂಗುಹಾಕಿದಳು. ಎಲ್ಲಿ ಮೀನಿದೆ ಎಂದು ಅದರಲ್ಲಿ ಒಂದು ದಿನವೂ ಬರೆದವಳಲ್ಲ. ಮೇಲಿನ ನೀರು ಎಷ್ಟು, ಒಂದು ಮಾರಿನಲ್ಲಿ ಎಷ್ಟು, ಎರಡರಲ್ಲಿ ಎಷ್ಟು, ಗಾಳಿ ಯಾವ ಕಡೆಯದು, ಮೋಡ ಉಂಟೋ ಇಲ್ಲವೋ. ಅಷ್ಟೇ. ದಿನಾ ಬೆಳಗ್ಗೆ ಹೊಸದಾಗಿ ಅಳೆದು, ನಿನ್ನೆಯದನ್ನು ಅಳಿಸಿ ಬರೆಯುತ್ತಿದ್ದಳು. ಮಿಕ್ಕದ್ದನ್ನು ಓದಿದವರೇ ಯೋಚಿಸಿಕೊಳ್ಳಲಿ ಎಂದು. ಜನ ಯೋಚಿಸಲೂ ಕಲಿತರು. ಹಲಗೆಯ ಮುಂದೆ ನಿಂತು ಅರ್ಧ ಗಂಟೆ ವಾದ ಮಾಡದೆ ಯಾರೂ ದೋಣಿ ಹತ್ತುತ್ತಿರಲಿಲ್ಲ.

ಅವಳಿಗೆ ಡಿಗ್ರಿಯಮ್ಮ ಎಂಬ ಹೆಸರು ಬಿದ್ದದ್ದು ಆಗಲೇ. ಇದರಿಂದ ಒಂದು ಫಜೀತಿಯೂ ಆಯಿತು. ಹೊಸದಾಗಿ ಊರಿಗೆ ಬಂದವರು ಅವಳು ಬಹಳ ಓದಿದವಳೆಂದು ತಿಳಿದು, ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದರು. ಒಬ್ಬ ಹೆಂಗಸು ಬಂದು ಬಹಳ ಗೌರವದಿಂದ, "ನಿಮ್ಮದು ಯಾವ ಡಿಗ್ರಿ ಅಮ್ಮ?" ಎಂದು ಕೇಳಿದರಂತೆ. ಇವಳು ಹಗ್ಗ ಸುತ್ತುತ್ತಾ, "ಇವತ್ತು ಇಪ್ಪತ್ತಾರು" ಎಂದಳಂತೆ. ಅರ್ಜಿಯನ್ನೂ ಬರೆದುಕೊಟ್ಟಳು, ಅದು ಬೇರೆ ಮಾತು.

ಹನ್ನೆರಡು ವರ್ಷದ ಹಾಳೆಗಳು ಸೇರಿದ ಮೇಲೆ ಒಂದು ಮಧ್ಯಾಹ್ನ ಅವಳು ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಿದಳು. ಮೊದಲ ವರ್ಷಗಳಿಗಿಂತ ಈಗ ಕೆರೆ ಮೂರು ವಾರ ಮುಂಚೆಯೇ ಬಿಸಿಯೇರುತ್ತಿತ್ತು. ಹತ್ತು ಗಂಟೆ ದಾಟಿದರೆ ಮೀನು ಆಳಕ್ಕಿಳಿಯುತ್ತಿತ್ತು, ಮಧ್ಯಾಹ್ನದ ಮೇಲೆ ಏಳುವ ಗಾಳಿಯೂ ಮೊದಲಿನಂತೆ ಹೇಳಿ ಕೇಳಿ ಬರುತ್ತಿರಲಿಲ್ಲ. ಅತ್ತೆಗೆ ತೋರಿಸಿದಳು. ಅತ್ತೆ ಹಾಳೆ ನೋಡಲಿಲ್ಲ, ಕಿಟಕಿಯಿಂದ ನೀರು ನೋಡಿದರು. "ನನಗೂ ಹಾಗೇ ಅನ್ನಿಸ್ತಿತ್ತು" ಎಂದರು. ಮುಂದಿನ ಬೇಸಿಗೆಯಿಂದ ದೋಣಿಗಳು ಬೆಳಗ್ಗೆ ಐದಕ್ಕೆ ಹೊರಟು ಹತ್ತಕ್ಕೆ ಮರಳಬೇಕು ಎಂದು ಹಲಗೆಯಲ್ಲಿ ಬರೆದಾಯಿತು.

"ಐದು ಗಂಟೆಗೆ ಏಳೋಕಾ ನಾನು ರಿಟೈರ್ ಆಗಿದ್ದು?" ಎಂದು ಮಾಸ್ತರರು ಗಂಟು ಮುಖ ಹಾಕಿದರು. ಒಂದು ವಾರ ಗೊಣಗಿದರು. ಎರಡನೆಯ ವಾರ ಚೀಲ ತುಂಬ ಮೀನು ಹಿಡಿದು, ಹತ್ತೂವರೆಗೆ ಅಟ್ಟಣೆಯ ನೆರಳಿನಲ್ಲಿ ಕಾಲು ಚಾಚಿ ಗೊರಕೆ ಹೊಡೆದರು. ಆಮೇಲೆ ಈ ಪದ್ಧತಿ ತಾನೇ ಹೇಳಿಕೊಟ್ಟದ್ದೆಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಈಗ ಅತ್ತೆಗೆ ಎಂಬತ್ತು ದಾಟಿದೆ. ದೋಣಿ ಹತ್ತುವುದು ಬಿಟ್ಟಿದ್ದಾರೆ, ವಾದ ಮಾಡುವುದು ಬಿಟ್ಟಿಲ್ಲ. ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಡಿಗ್ರಿಯಮ್ಮ ಹಲಗೆಯ ಮೇಲೆ "ಮೋಡ ಇಲ್ಲ, ಗಾಳಿ ಇಲ್ಲ" ಎಂದು ಬರೆದು ಮುಗಿಸುವಷ್ಟರಲ್ಲಿ ಕುರ್ಚಿಯಿಂದ ಧ್ವನಿ ಬಂತು.

"ಮಳೆ ಅಂತ ಬರಿ."

"ಎಲ್ಲಿದೆ ಅತ್ತೆ ಮಳೆ? ಆಕಾಶ ತೊಳೆದಿಟ್ಟ ಹಾಗಿದೆ."

"ಸರಿ. ನಿನ್ನಿಷ್ಟ."

ಒಂಬತ್ತು ಗಂಟೆಗೆ ಬೆಟ್ಟದ ಹಿಂದಿನಿಂದ ಕರಿಮೋಡ ಎದ್ದು, ದೋಣಿಗಳು ದಂಡೆ ಮುಟ್ಟುವಷ್ಟರಲ್ಲಿ ಬಿಂದಿಗೆಯಲ್ಲಿ ಸುರಿದಂತೆ ಸುರಿಯಿತು. ಹನ್ನೆರಡು ಮಂದಿ ತೊಯ್ದು ತೊಪ್ಪೆಯಾಗಿ ಅಡುಗೆಮನೆಗೆ ನುಗ್ಗಿದರು. ಗಂಡ ಕೊಟ್ಟಿಗೆಯಿಂದ ಇದ್ದಬದ್ದ ಬಟ್ಟೆಯನ್ನೆಲ್ಲ ತಂದು ಹಂಚಿದ. ಡಿಗ್ರಿಯಮ್ಮ ದೊಡ್ಡ ಪಾತ್ರೆಯಲ್ಲಿ ಟೀಗೆ ನೀರಿಟ್ಟಳು. ಹಲಗೆಯ ಸೀಮೆಸುಣ್ಣದ ಅಕ್ಷರಗಳು ಬಿಳಿ ಗೆರೆಗಳಾಗಿ ಕೆರೆಗೆ ಇಳಿಯುತ್ತಿದ್ದವು. ಅತ್ತೆ ಕಿಟಕಿಯ ಹತ್ತಿರ ಕೂತು, ಬಿಸಿ ಲೋಟ ಎರಡೂ ಕೈಯಲ್ಲಿ ಹಿಡಿದು, ಮಳೆ ನೋಡುತ್ತಾ ನಗುತ್ತಿದ್ದರು. ಸೊಸೆಯೂ ಒಂದು ಲೋಟ ಬಗ್ಗಿಸಿಕೊಂಡು ಅವರ ಪಕ್ಕ ಬಂದು ಕೂತಳು.